ಹಿಂದೆ ಗೆಳೆಯ ಕೂತರೆ ಆರುವ ಇಂಡಿಕೇಟರ್

ಒಬ್ಬನೇ ಓಡಿಸಿದರೆ ನನ್ನ ಬೈಕಿನ ಇಂಡಿಕೇಟರ್ ಸರಿಯಾಗಿಯೇ ಉರಿಯುತ್ತಿತ್ತು. ಗೆಳೆಯನನ್ನು ಕೂರಿಸಿಕೊಂಡು ಹೊರಟರೆ ಮಾತ್ರ ಹಿಂದಿನದು ಕೈಕೊಡುತ್ತಿತ್ತು. ಇದರ ಗುಟ್ಟು ತಿಳಿಯಲು ನನಗೆ ಎರಡು ಬಲ್ಬು ಮತ್ತು ಒಂದು ಬಸ್ಸಿನ ಬ್ರೇಕು ಬೇಕಾಯಿತು.

ಡಿಗ್ರಿ ಕೊನೆಯ ವರ್ಷದಲ್ಲಿ ಆ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡಾಗ ನಾನು ಮರುಳಾಗಿದ್ದೇ ಅದರ ಹಿಂಭಾಗ ನೋಡಿ. ಹಳೆಯ ಮಾಲೀಕ ಉದ್ದನೆಯ ಮಡ್‌ಗಾರ್ಡ್ ಕತ್ತರಿಸಿ, ಇಂಡಿಕೇಟರ್‌ಗಳನ್ನು ಸೀಟಿನ ಕೆಳಕ್ಕೆ ಸರಿಸಿದ್ದ. ಥೇಟ್ ರೇಸ್ ಬೈಕು! ಕಂಪನಿಯವರು ಕ್ಲಿಪ್ಪಿನಲ್ಲಿ ಬಿಗಿದಿದ್ದ ವೈರು ಈಗ ಟೈರಿನ ನೆತ್ತಿಯ ಮೇಲೆ ಜೋಲುತ್ತಿದ್ದುದನ್ನು ಬಗ್ಗಿ ನೋಡಿದವರು ಯಾರು?

ಬ್ಯಾಂಕ್ ಪರೀಕ್ಷೆ ಬರೆದು ದಾವಣಗೆರೆಯಿಂದ ಹರಿಹರಕ್ಕೆ ಮರಳುತ್ತಿದ್ದೆವು. ಸಂಜೆಯ ಮಬ್ಬು. ಬಲಕ್ಕೆ ತಿರುಗಲು ಸ್ವಿಚ್ ಒತ್ತಿದೆ. ಮೀಟರಿನ ಹಸಿರು ದೀಪ ಪಟಪಟನೆ ಮಿನುಗಿತು. ಚೆನ್ನಾಗಿ ಉರಿಯುತ್ತಿದೆ ಅಂದುಕೊಂಡೆ. ಅಸಲಿಗೆ ಅದು ಬೈಕಿನ ದೂರು. ಎಷ್ಟೋ ಬೈಕುಗಳಲ್ಲಿ ಒಂದು ಬಲ್ಬ್ ಆರಿದರೆ ಫ್ಲ್ಯಾಶರ್ ಮೇಲಿನ ಹೊರೆ ಇಳಿದು, ಉಳಿದದ್ದು ಎಂದಿಗಿಂತ ಜೋರಾಗಿ ಮಿನುಗುತ್ತದೆ. ಮುಂದಿನದು ಉರಿಯುತ್ತಿತ್ತು, ಹಿಂದಿನದು ಇಲ್ಲ. ಹಿಂದೆ ಬರುತ್ತಿದ್ದ ಬಸ್ಸು ಕಿರ್ರನೆ ನಿಂತಾಗ ಗೆಳೆಯನ ಮೊಣಕಾಲಿಗೂ ಅದಕ್ಕೂ ಒಂದು ಮೊಳ ಅಂತರ. ಡ್ರೈವರ್ ಬೈದದ್ದರಲ್ಲಿ ತಪ್ಪೇನಿರಲಿಲ್ಲ.

ಅದಕ್ಕೂ ಮುಂಚೆ ಎರಡು ಸಲ ಗ್ಯಾರೇಜಿಗೆ ಹೋಗಿದ್ದೆ. ಎರಡು ಸಲವೂ ಹೊಸ ಬಲ್ಬು. ಡಬಲ್ ಸ್ಟ್ಯಾಂಡ್ ಹಾಕಿ ಪರೀಕ್ಷಿಸಿದರೆ ಉರಿಯುತ್ತಿತ್ತು. ಉರಿಯದೆ ಏನು? ಡಬಲ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರ ಕೆಳಗೆ ಇಳಿದಿರುತ್ತದೆ, ವೈರಿನಿಂದ ದೂರ. ಇಬ್ಬರು ಕೂತು ಗುಂಡಿಗೆ ಇಳಿಸಿದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಟೈರು ಮೇಲೇರುತ್ತದೆ. ಗೆಳೆಯನನ್ನು ಸೀಟಿನ ಮೇಲೆ ಕುಣಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದಾಗಲೇ ಕಂಡಿದ್ದು: ಟೈರು ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸುಲಿದಿತ್ತು. ಒಳಗೆ ಕೂದಲೆಳೆಯಂಥ ಎರಡು ತಾಮ್ರದ ಎಳೆಗಳಷ್ಟೇ ಉಳಿದಿದ್ದವು.

ಇನ್ನೊಂದು ನೋಡಿ ಎದೆ ಧಸಕ್ಕೆಂದಿತು. ಬರಿಯ ತಾಮ್ರ ಫ್ರೇಮಿಗೆ ತಾಗಿ ಹಿಂದೆಂದೋ ಫ್ಯೂಸ್ ಹೋಗಿರಬೇಕು. ಯಾರೋ ಪುಣ್ಯಾತ್ಮರು ಅದಕ್ಕೆ ತಂತಿ ಸುತ್ತಿ ಓಡಿಸಿದ್ದರು. ವೈರು ಸುಡುವ ಮೊದಲು ತಾನು ಸುಟ್ಟುಕೊಳ್ಳುವುದೇ ಫ್ಯೂಸಿನ ಕೆಲಸ. ಆ ಕೆಲಸವನ್ನೇ ಕಿತ್ತುಕೊಂಡರೆ ಪೆಟ್ರೋಲ್ ಟ್ಯಾಂಕಿನ ಕೆಳಗಿನ ವೈರುಗಳ ಗತಿ? ಫ್ಯೂಸ್ ಬಾಕ್ಸಿನ ಮೇಲೆ ಬರೆದಿದ್ದಂತೆ 10 ಆಂಪಿಯರಿನದನ್ನೇ ತಂದು ಹಾಕಿದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಸವೆದ ತುಂಡನ್ನು ಕತ್ತರಿಸಿ ಬಿಸಾಡಿ, ಅಷ್ಟೇ ದಪ್ಪದ ಹೊಸ ವೈರನ್ನು ಬೆಸುಗೆ ಹಾಕಿ ಸೇರಿಸಿದೆ. ಬರೀ ಟೇಪ್ ಸುತ್ತಿದರೆ ನಮ್ಮೂರ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬಿಸಿ ತಾಗಿದರೆ ಕುಗ್ಗಿ ಕೂರುವ ಸ್ಲೀವ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ವೈರು ಸೇರಿಸುವ ಮೊದಲೇ ತೂರಿಸಿಡಬೇಕು. ನಾನು ಎರಡು ಸಲ ಮರೆತು, ಬೆಸುಗೆ ಬಿಚ್ಚಿ ಮತ್ತೆ ಮಾಡಿದೆ.

ಆದರೆ ಎಷ್ಟು ಗಟ್ಟಿ ಬೆಸೆದರೂ ಅದೇ ದಾರಿಯಲ್ಲಿ ಬಿಟ್ಟರೆ ಟೈರು ಮತ್ತೆ ತಿನ್ನುತ್ತದೆ. ಹಾಗಾಗಿ ವೈರನ್ನು ಮಡ್‌ಗಾರ್ಡಿನ ಮೇಲ್ಭಾಗಕ್ಕೆ ತಂದು, ಸೀಟಿನ ಕೆಳಗಿನ ಫ್ರೇಮ್ ಪೈಪಿನ ಗುಂಟ ಹಾಯಿಸಿದೆ. ಸೈಲೆನ್ಸರ್ ಇಲ್ಲದ ಬದಿ. ತಗಡಿನ ತೂತು ದಾಟುವಲ್ಲಿ ರಬ್ಬರ್ ಬಳೆ, ಉಳಿದೆಡೆ ಪ್ಲಾಸ್ಟಿಕ್ ಕೊಳವೆ, ನಾಲ್ಕು ಬೆರಳಿಗೊಂದು ಕೇಬಲ್ ಟೈ. ಟೈ ತೀರಾ ಬಿಗಿದರೆ ಅದೇ ವೈರನ್ನು ಕೊಯ್ಯುತ್ತದೆ. ಸೀಟ್ ಕೂರಿಸಿ, ತೆಗೆದು, ಅದರ ತಳ ಎಲ್ಲೂ ವೈರನ್ನು ಅದುಮುತ್ತಿಲ್ಲ ಎಂದು ಖಚಿತ ಮಾಡಿಕೊಂಡೆ.

ಕೊನೆಗೆ ಇಬ್ಬರನ್ನು ಕೂರಿಸಿ ಕುಣಿಸಿದೆ. ಉರಿಯಿತು. ಆ ಗೆಳೆಯ ಮಾತ್ರ ಈಗಲೂ ಬಲತಿರುವು ಬಂದರೆ ಹಿಂದೆ ಕೂತೇ ಕೈ ಚಾಚುತ್ತಾನೆ. ಇಂಡಿಕೇಟರ್ ಇದೆ ಕಣೋ ಅಂದರೆ, ‘ಇರಲಿ ಬಿಡು’ ಅನ್ನುತ್ತಾನೆ.