ಸವಾಲು ಎಂದರೆ ಪ್ರಶ್ನೆ

ರೈತರು ಮಾಲನ್ನು ಪೇಟೆಗೆ ಒಯ್ದಾಗ ಮೊದಲು ಕಿವಿಗೆ ಬೀಳುವುದು ಹರಾಜಿನ ಕೂಗು. ಹರಾಜಿಗೆ ಸೊಲ್ಲಾಪುರದ ಕಡೆ ಲಿಲಾವು, ಹೊಸೂರಿನ ಕಡೆ ಏಲಂ, ಕಾಸರಗೋಡಿನ ಕಡೆ ಲೇಲಂ ಎನ್ನುವರು. ಮೂರೂ ಪೋರ್ತುಗೀಜರ ಒಂದೇ ಮಾತಿನಿಂದ ಹುಟ್ಟಿದವು. ಅಲ್ಲಿ ಕೊಳ್ಳುವವನು ಕೂಗುವ ಬೆಲೆಯೇ ಸವಾಲು. ಅರಬ್ಬಿ ಮೂಲದ ಈ ಮಾತಿಗೆ ಪ್ರಶ್ನೆ ಎಂದರ್ಥ. “ಇಷ್ಟಕ್ಕೆ ಕೊಡುವಿರಾ?” ಎಂಬುದೇ ಆ ಪ್ರಶ್ನೆ.

ಸವಾಲು ಎಲ್ಲೆಡೆ ಒಂದೇ ಬಗೆಯದಲ್ಲ. ಉಳ್ಳಾಗಡ್ಡಿಯ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಚೀಟಿಯ ಸವಾಲಿನಲ್ಲಿ ಹೆಚ್ಚು ಬಿಟ್ಟುಕೊಟ್ಟವನಿಗೆ ಹಣ. ರಸ್ತೆ ಕಾಮಗಾರಿಯ ಟೆಂಡರಿನಲ್ಲಿ ಸಾಮಾನ್ಯವಾಗಿ ಕಡಿಮೆ ಬರೆದವನಿಗೆ ಕೆಲಸ.

ಇನ್ನು ಕಾಯಿದೆಯ ಮಾತು. 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನಂತೆ, ಸುತ್ತಿಗೆ ಬಡಿದೋ ರೂಢಿಯ ಬೇರೆ ರೀತಿಯಿಂದಲೋ ಹರಾಜು ಮುಗಿಯಿತೆಂದು ಸಾರುವವರೆಗೆ ಕೂಗಿದವನು ಸವಾಲನ್ನು ಹಿಂತೆಗೆದುಕೊಳ್ಳಬಹುದು. ಸಾರಿದ ಮೇಲೆ ಮಾರಾಟ ಪೂರ್ಣವಾಯಿತು. 2016ರಲ್ಲಿ ಆರಂಭವಾದ ಇ-ನಾಮ್ ವ್ಯವಸ್ಥೆಯಲ್ಲಿ ಸವಾಲು ಕಂಪ್ಯೂಟರಿನಲ್ಲಿ ಬರುತ್ತದೆ; ಬೆಲೆ ಒಪ್ಪದಿದ್ದರೆ ರೈತನು ಬೇಡವೆನ್ನಬಹುದು.

ಆದ್ದರಿಂದ ರೈತ ಬಾಂಧವರು ಹರಾಜಿನ ಹೊತ್ತಿಗೆ ತಮ್ಮ ರಾಶಿಯ ಬಳಿಯೇ ನಿಲ್ಲಬೇಕು. ಕೊನೆಯ ಸವಾಲೆಷ್ಟು, ಅದು ಕ್ವಿಂಟಲಿಗೋ ಚೀಲಕ್ಕೋ ಎಂಬುದನ್ನು ಬರೆದಿಟ್ಟುಕೊಂಡು, ದಲಾಲರು ಕೊಡುವ ಪಟ್ಟಿಯೊಡನೆ ತಾಳೆ ನೋಡಬೇಕು. ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡವನೇ ಸರಿಯಾದ ಉತ್ತರ ಕೊಟ್ಟಾನು.