ಮಲಗುಚೀಲಕ್ಕೊಂದು ಒಳಚೀಲ: ವಯನಾಡಿನ ಚಾರಣಕ್ಕೆ ಹಳೆಯ ಸೀರೆಯ ಉಪಯೋಗ

ಕರ್ನಾಟಕದ ಶಾಸನಗಳಲ್ಲಿ ‘ಬಯಲ್ನಾಡು’ ಎಂದು ಕಾಣಿಸಿಕೊಳ್ಳುವ ವಯನಾಡು ಇಂದು ಕೇರಳದ ಒಂದು ಜಿಲ್ಲೆ. ಹೆಸರಿನಲ್ಲಿ ಬಯಲಿದ್ದರೂ ಅದು ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ 2100 ಮೀಟರಿನವರೆಗೆ ಏರುವ ಗುಡ್ಡಗಾಡು. ಮೇಪ್ಪಾಡಿಯ ಬಳಿಯ ಚೆಂಬ್ರ ಶಿಖರ, ಕೊಡಗಿನ ಗಡಿಯ ಬ್ರಹ್ಮಗಿರಿ, ಬಾಣಾಸುರ ಬೆಟ್ಟ ಇವು ಚಾರಣಿಗರಿಗೆ ಪರಿಚಿತವಾದ ತಾಣಗಳು. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಆದುದರಿಂದ ಆ ದಾರಿಯಲ್ಲಿ ಹೋಗಿ ಬೆಳಗಿನ ಹೊತ್ತಿಗೇ ಬೆಟ್ಟ ಹತ್ತಬೇಕೆನ್ನುವವರು ಹಿಂದಿನ ಸಂಜೆಯೇ ವಯನಾಡನ್ನು ತಲುಪಿ ಅಲ್ಲಿ ಮಲಗಬೇಕಾಗುತ್ತದೆ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಹಾಗಾಗಿ ವಿದ್ಯಾರ್ಥಿಗಳ ತಂಡಗಳು ಸಾಮಾನ್ಯವಾಗಿ ತಂಗುವುದು ವಸತಿಗೃಹಗಳ ಸಾಮೂಹಿಕ ಕೋಣೆಗಳಲ್ಲಿ, ಶಿಬಿರದ ಗುಡಾರಗಳಲ್ಲಿ, ಇಲ್ಲವೆ ತೋಟದ ಮನೆಗಳಲ್ಲಿ. ಇಂತಹ ಕಡೆ ಹೊದೆಯಲು ಸಿಗುವುದು ಬಹುಮಟ್ಟಿಗೆ ಬಾಡಿಗೆಯ ಸ್ಲೀಪಿಂಗ್ ಬ್ಯಾಗು. ಕನ್ನಡದಲ್ಲಿ ಹೇಳುವುದಾದರೆ ಮಲಗುಚೀಲ. ಅದರೊಳಗೆ ಹಾಸಿಕೊಳ್ಳುವ ತೆಳುವಾದ ಬಟ್ಟೆಯ ಚೀಲವೊಂದನ್ನು ಮನೆಯಲ್ಲಿಯೇ ಹೊಲಿದುಕೊಳ್ಳುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಳಚೀಲ ಏಕೆ ಬೇಕು?

ಮಲಗುಚೀಲವು ಬೆಚ್ಚಗಿರುವುದು ಅದರ ಬಟ್ಟೆಯಿಂದಲ್ಲ, ಒಳಗೆ ತುಂಬಿದ ಎಳೆಗಳ ಅಥವಾ ಹಕ್ಕಿಯ ನವುರು ಗರಿಗಳ ನಡುವೆ ಸಿಲುಕಿ ನಿಂತ ಗಾಳಿಯಿಂದ. ಮೈಯ ಜಿಡ್ಡು ಮತ್ತು ಬೆವರು ಆ ತುಂಬುವಿಕೆಗೆ ಇಳಿದರೆ ಅದು ಉಬ್ಬಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಜಿಡ್ಡು ತೆಗೆಯಲೆಂದು ಪದೇ ಪದೇ ಒಗೆದರೆ ತುಂಬುವಿಕೆ ಗಂಟುಗಟ್ಟಿ ಚಪ್ಪಟೆಯಾಗುತ್ತದೆ. ಹೀಗೆ ಒಗೆದರೂ ನಷ್ಟ, ಒಗೆಯದಿದ್ದರೂ ನಷ್ಟ. ಈ ಕಾರಣದಿಂದಲೇ ಬಾಡಿಗೆಯ ಚೀಲಗಳನ್ನು ಪ್ರತಿ ಬಳಕೆಯ ಅನಂತರವೂ ಒಗೆಯುವುದು ಕಷ್ಟ. ಒಬ್ಬರು ಎದ್ದುಹೋದ ಚೀಲದೊಳಗೆ ಮತ್ತೊಬ್ಬರು ಮಲಗುತ್ತಾರೆ.

ಇದು ಬರಿಯ ಅಸಹ್ಯದ ಮಾತಲ್ಲ, ಆರೋಗ್ಯದ ಮಾತು. ತುರಿಕಜ್ಜಿಯನ್ನು ಉಂಟುಮಾಡುವ ಸೂಕ್ಷ್ಮ ಕೀಟವು ಮನುಷ್ಯನ ಮೈಯಿಂದ ಹೊರಗೆ ಸಾಮಾನ್ಯವಾಗಿ ಎರಡು ಮೂರು ದಿನ ಬದುಕಿರಬಲ್ಲದು. ಅಷ್ಟರೊಳಗೆ ಅದೇ ಹಾಸಿಗೆಯನ್ನು ಬಳಸಿದವರಿಗೆ ಅದು ಹತ್ತುವ ಸಾಧ್ಯತೆಯುಂಟು. ಸ್ವಂತ ಒಳಚೀಲವಿದ್ದರೆ ಮೈಗೂ ಬಾಡಿಗೆಯ ಚೀಲಕ್ಕೂ ನಡುವೆ ಒಗೆದ ಬಟ್ಟೆಯ ಪದರವೊಂದು ನಿಲ್ಲುತ್ತದೆ. ಅದು ಅಪಾಯವನ್ನು ಸಂಪೂರ್ಣವಾಗಿ ಇಲ್ಲವಾಗಿಸದು, ಆದರೆ ಬಹಳ ಮಟ್ಟಿಗೆ ತಗ್ಗಿಸುತ್ತದೆ. ತಗಣೆಯ ಕಾಟಕ್ಕೆ ಮಾತ್ರ ಇದು ಪರಿಹಾರವಲ್ಲ.

ಬೆಚ್ಚಗಿನ ವಿಚಾರದಲ್ಲಿ ಅತಿಯಾದ ನಿರೀಕ್ಷೆ ಸಲ್ಲದು. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ವಯನಾಡಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ತೆಳುವಾದ ಒಂದು ಪದರ ಎರಡು ಮೂರು ಡಿಗ್ರಿಗಿಂತ ಹೆಚ್ಚಿನ ಚಳಿಯನ್ನು ತಡೆಯುವುದೆಂದು ನಂಬಿ ಹೊರಡಬಾರದು. ಬದಲಿಗೆ, ಸೆಕೆಯ ರಾತ್ರಿಯಲ್ಲಿ ಮಲಗುಚೀಲವನ್ನು ಬದಿಗಿಟ್ಟು ಒಳಚೀಲವೊಂದರಲ್ಲೇ ಮಲಗಬಹುದೆಂಬುದು ಅದರ ಇನ್ನೊಂದು ಪ್ರಯೋಜನ.

ಈ ಪದ್ಧತಿ ಹೊಸತಲ್ಲ. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮಾನ್ ಅವರು 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಯೂತ್ ಹಾಸ್ಟೆಲನ್ನು ತೆರೆದ ತರುವಾಯ ಅಂತಹ ವಸತಿಗಳು ಯುರೋಪಿನಾದ್ಯಂತ ಹರಡಿದವು. ಅವುಗಳಲ್ಲಿ ಕಂಬಳಿಯನ್ನು ಹಾಸ್ಟೆಲಿನವರು ಕೊಡುವುದು, ಹಾಸುಬಟ್ಟೆಯ ಚೀಲವನ್ನು ಪ್ರಯಾಣಿಕರೇ ತರುವುದು ವಾಡಿಕೆಯಾಯಿತು. ಇಂದಿನ ಒಳಚೀಲದ ಹಿರಿಯ ರೂಪ ಅದೇ.

ಕನ್ನಡದ ಹೊದಿಕೆಗಳು

ವಸ್ತು ಹೊರಗಿನದಾದರೂ ಅದಕ್ಕೆ ಬೇಕಾದ ಕಲ್ಪನೆ ನಮ್ಮ ಹೊದಿಕೆಯ ಪದಗಳಲ್ಲಿಯೇ ಇದೆ. ‘ದುಪ್ಪಟಿ’ ಎಂಬ ಮಾತು ಎರಡು ಪಟ್ಟಿಯ ಬಟ್ಟೆಯನ್ನು ಸೂಚಿಸುತ್ತದೆ. ನಮ್ಮ ಒಳಚೀಲವೂ ಎರಡು ಮಡಿಕೆಯ ಬಟ್ಟೆಯೇ. ಉಡುಪಿನ ಒಳಪದರವನ್ನು ಇಂದಿನ ದರ್ಜಿಗಳು ‘ಲೈನಿಂಗ್’ ಎನ್ನುತ್ತಾರೆ. ಹಿಂದಿನವರು ‘ಅಸ್ತರ’ ಎನ್ನುತ್ತಿದ್ದರು. ಒಳಚೀಲವು ಮಲಗುಚೀಲದ ಅಸ್ತರ. ಆದರೆ ಬಿಚ್ಚಿ ಒಗೆಯಬಹುದಾದ ಅಸ್ತರ. ಇನ್ನು ‘ಕೌದಿ’. ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರಲ್ಲಿಯೂ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿಯುವ ಈ ಕಲೆ ಉಳಿದುಬಂದಿದೆ. ಹಲವು ಸಲ ಒಗೆದು ಮೆತ್ತಗಾದ ಸೀರೆಯಷ್ಟು ಮೈಗೆ ಹಿತವಾದ ಬಟ್ಟೆ ಬೇರೆಯಿಲ್ಲವೆಂಬ ಅನುಭವವೇ ಕೌದಿಯ ಮೂಲ. ಕೌದಿಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಲಾಗದು. ಅದರ ಒಂದೇ ಒಂದು ಪದರವನ್ನು ಒಯ್ಯಬಹುದು.

ಬಟ್ಟೆಯ ಆಯ್ಕೆ

ಸೀರೆಯೊಂದರ ಉದ್ದ ಸುಮಾರು 5.5 ಮೀಟರು, ಅಗಲ ಸುಮಾರು 1.15 ಮೀಟರು. ಒಳಚೀಲಕ್ಕೆ ಇದರಲ್ಲಿ ಸುಮಾರು 4 ಚದರ ಮೀಟರು ಬಟ್ಟೆ ಸಾಕು. ಚದರ ಮೀಟರಿಗೆ 80 ಗ್ರಾಂ ತೂಗುವ ತೆಳು ಹತ್ತಿಯಾದರೆ ಚೀಲದ ತೂಕ 320 ಗ್ರಾಂ. 35 ಗ್ರಾಂ ತೂಗುವ ತೆಳು ರೇಷ್ಮೆಯಾದರೆ 140 ಗ್ರಾಂ ಮಾತ್ರ. ಬೆನ್ನುಚೀಲ ಹೊರುವವರಿಗೆ ಈ ವ್ಯತ್ಯಾಸ ಗಣನೀಯವಾದುದು.

ಹತ್ತಿ ಬೆವರನ್ನು ಹೀರುತ್ತದೆ, ಬಿಸಿನೀರಿನ ಒಗೆತವನ್ನು ತಾಳುತ್ತದೆ. ಆದರೆ ಒದ್ದೆಯಾದರೆ ಬೇಗನೆ ಒಣಗದು; ಒದ್ದೆಯ ಹತ್ತಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ವಯನಾಡಿನ ಮಳೆಯಲ್ಲಿ ಇದು ದೊಡ್ಡ ತೊಡಕು. ರೇಷ್ಮೆ ಹಗುರ, ಬೇಗ ಒಣಗುತ್ತದೆ. ಆದರೆ ಹಳೆಯ ರೇಷ್ಮೆ ಮಡಿಕೆಯ ಗೆರೆಗಳಲ್ಲಿ ಸೀಳುತ್ತದೆ, ಜರಿಯ ಅಂಚು ಮೈಗೆ ತರಚುತ್ತದೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ಟೆರಿಕಾಟ್ ಇವೆರಡರ ನಡುವಿನ ದಾರಿ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಾರಣಕ್ಕೆ ಮೆತ್ತಗಾದ ಹತ್ತಿಯ ಸೀರೆ, ತೇವದ ತಿಂಗಳುಗಳಿಗೆ ಟೆರಿಕಾಟ್ ಎಂದು ಇಟ್ಟುಕೊಂಡರೆ ಸಾಕು.

ಸೀರೆಯನ್ನು ಕತ್ತರಿಸುವ ಮುನ್ನ ಬೆಳಕಿಗೆ ಹಿಡಿದು ಸವೆದ ಭಾಗಗಳನ್ನು ಗುರುತಿಸಬೇಕು. ಎರಡೂ ಕೈಗಳಿಂದ ಬಟ್ಟೆಯನ್ನು ಅಡ್ಡಲಾಗಿ ಎಳೆದು ನೋಡಬೇಕು. ಎಳೆಗಳು ಬಿಟ್ಟುಕೊಂಡರೆ ಆ ಸೀರೆ ಈ ಕೆಲಸಕ್ಕೆ ಬಾರದು. ಹೊಸ ಬಟ್ಟೆಯನ್ನು ಕೊಂಡರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ.

ಅಳತೆ

ಉದ್ದದ ಲೆಕ್ಕ ಸರಳವಾದುದು: ಮಲಗುವವರ ಎತ್ತರದ ಎರಡರಷ್ಟಕ್ಕೆ 70 ಸೆಂಟಿಮೀಟರು ಕೂಡಿಸಬೇಕು. ಎತ್ತರ 1.70 ಮೀಟರಾದರೆ ಬೇಕಾಗುವ ಬಟ್ಟೆ 4.10 ಮೀಟರು. ಇದರಲ್ಲಿ ಮೇಲಿನ ಮಡಿಕೆಗೆ 1.70, ಕೆಳಗಿನ ಮಡಿಕೆಗೆ 1.70, ದಿಂಬಿನ ಜೇಬಿಗೆ 60 ಸೆಂಟಿಮೀಟರು, ಎರಡು ತುದಿಗಳ ಅಂಚು ಮಡಿಸಲು ತಲಾ 5 ಸೆಂಟಿಮೀಟರು. ತಲೆಯು ಚೀಲದ ಬಾಯಿಯಿಂದ ಹೊರಗೆ, ದಿಂಬಿನ ಜೇಬಿನ ಮೇಲೆ ಬರುವುದರಿಂದ ಕಾಲಿನ ಬಳಿ ಒಂದು ಗೇಣು ಸಡಿಲು ತಾನಾಗಿ ಉಳಿಯುತ್ತದೆ.

ಸಿದ್ಧವಾದ ಚೀಲದ ಅಗಲ ಭುಜದ ಬಳಿ 90 ಸೆಂಟಿಮೀಟರು, ಪಾದದ ಬಳಿ 65 ಸೆಂಟಿಮೀಟರು ಇರಲಿ. ಹೊಲಿಗೆಗೆಂದು ಪ್ರತಿ ಬದಿಗೂ 2 ಸೆಂಟಿಮೀಟರು ಹೆಚ್ಚು ಬಿಡಬೇಕು. ಒಳಚೀಲವು ಮಲಗುಚೀಲಕ್ಕಿಂತ ಬಿಗಿಯಾಗಿದ್ದರೆ ಮಗ್ಗಲು ಬದಲಿಸುವಾಗ ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ತೀರ ಅಗಲವಾಗಿದ್ದರೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹೊಲಿಯುವ ಕ್ರಮ

1. ಮೊದಲು ಬಟ್ಟೆಯ ಎರಡು ಮೊಂಡು ತುದಿಗಳನ್ನು ಎರಡು ಸಲ ಒಳಕ್ಕೆ ಮಡಿಸಿ ಅಂಚು ಹೊಲಿಯಬೇಕು.

2. ದಿಂಬಿನ ಕಡೆಯ ತುದಿಯನ್ನು 30 ಸೆಂಟಿಮೀಟರಿನಷ್ಟು ಮೇಲ್ಮೈಯ ಕಡೆಗೆ ಮಡಿಸಿ, ಎರಡು ಬದಿಗಳನ್ನು ಹೊಲಿದರೆ ಜೇಬು ಸಿದ್ಧವಾಗುತ್ತದೆ. ಅದರ ಬಾಯಿ ಮಲಗುವವರ ಕಡೆಗಿರಬೇಕು. ಮಡಿಸಿದ ಜರ್ಕಿನನ್ನು ಅದರೊಳಗೆ ತುರುಕಿದರೆ ಅದೇ ದಿಂಬು.

3. ಇನ್ನೊಂದು ತುದಿಯನ್ನು ಎತ್ತಿ ತಂದು ಜೇಬಿನ ಬಾಯಿಯ ಗೆರೆಗೆ ಸರಿಯಾಗಿ ಕೂಡಿಸಬೇಕು. ಈ ಬಾರಿ ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗಿರಬೇಕು. ಅದಕ್ಕಾಗಿ ಜೇಬಿನ ಭಾಗವು ಕೆಳಮುಖವಾಗಿರುತ್ತದೆ. ಪಾದದ ಕಡೆ ಬರುವುದು ಮಡಿಕೆಯೇ ಹೊರತು ಹೊಲಿಗೆಯಲ್ಲ. ಕಾಲಿನ ಒತ್ತಡ ಬೀಳುವ ಜಾಗದಲ್ಲಿ ಹೊಲಿಗೆಯೇ ಇಲ್ಲದಿರುವುದು ಈ ಕ್ರಮದ ಮುಖ್ಯ ಲಾಭ.

4. ಬದಿಗಳನ್ನು ಅಳತೆಗೆ ಕತ್ತರಿಸಿ, ಅಂಚಿನಿಂದ ಅರ್ಧ ಸೆಂಟಿಮೀಟರು ಒಳಗೆ ಮೊದಲ ಹೊಲಿಗೆ ಹಾಕಬೇಕು. ಅನಂತರ ಚೀಲವನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ, ಅಂಚಿನಿಂದ ಒಂದು ಸೆಂಟಿಮೀಟರು ಒಳಗೆ ಎರಡನೆಯ ಹೊಲಿಗೆ ಹಾಕಬೇಕು. ಹೀಗೆ ಮಾಡಿದರೆ ಕತ್ತರಿಸಿದ ಅಂಚು ಎರಡು ಹೊಲಿಗೆಗಳ ನಡುವೆ ಅಡಗುತ್ತದೆ. ಎಳೆ ಬಿಚ್ಚಿಕೊಳ್ಳುವುದಿಲ್ಲ, ಮೈಗೂ ಒತ್ತುವುದಿಲ್ಲ. ಬಳಿಕ ಚೀಲವನ್ನು ಮತ್ತೆ ಮೊದಲಿನಂತೆ ತಿರುಗಿಸಬೇಕು.

5. ಒಂದು ಬದಿಯಲ್ಲಿ ಬಾಯಿಯಿಂದ ಕೆಳಕ್ಕೆ 50 ಸೆಂಟಿಮೀಟರಿನಷ್ಟನ್ನು ಹೊಲಿಯದೆ ಬಿಟ್ಟು, ಅಲ್ಲಿಯ ಅಂಚುಗಳನ್ನು ಬಿಡಿಬಿಡಿಯಾಗಿ ಮಡಿಸಿ ಹೊಲಿಯಬೇಕು. ಸೀಳು ಮುಗಿಯುವ ಬಿಂದುವಿನಲ್ಲಿ ಐದಾರು ಸಲ ಮೇಲಿಂದ ಮೇಲೆ ಹೊಲಿದರೆ ಅದು ಮುಂದಕ್ಕೆ ಹರಿಯುವುದಿಲ್ಲ.

ಐದನೆಯ ಹಂತವನ್ನು ಯಾರೂ ಬಿಡಬಾರದು. ರಾತ್ರಿ ಥಟ್ಟನೆ ಎದ್ದು ಹೊರಬರಬೇಕಾದ ಸಂದರ್ಭ ಯಾವ ಶಿಬಿರದಲ್ಲಿಯೂ ಬರಬಹುದು. ಆನೆ ಓಡಾಡುವ ವಯನಾಡಿನಂತಹ ಪ್ರದೇಶದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅದೇ ಕಾರಣಕ್ಕೆ ಕುತ್ತಿಗೆಯ ಬಳಿ ಬಿಗಿಯುವ ಲಾಡಿಯನ್ನು ಪೋಣಿಸಕೂಡದು.

ಹೊಲಿಗೆ ಯಂತ್ರವಿಲ್ಲದವರು ಕೈಯಿಂದಲೂ ಹೊಲಿಯಬಹುದು. ಸೂಜಿಯನ್ನು ಪ್ರತಿ ಸಲ ಅರ್ಧ ಹೆಜ್ಜೆ ಹಿಂದಕ್ಕೆ ಚುಚ್ಚಿ, ಒಂದು ಹೆಜ್ಜೆ ಮುಂದಕ್ಕೆ ತೆಗೆಯಬೇಕು. ಆಗ ದಾರ ಒಂದೆಡೆ ಕಡಿದರೂ ಹೊಲಿಗೆಯೆಲ್ಲ ಬಿಚ್ಚಿಹೋಗದು. ಉಳಿದ ಬಟ್ಟೆಯಲ್ಲಿ ಒಳಚೀಲವನ್ನು ತುಂಬಿಡಲು ಸಣ್ಣ ಸಂಚಿಯೊಂದನ್ನು ಹೊಲಿದುಕೊಳ್ಳಬಹುದು.

ಬಳಕೆ ಮತ್ತು ಶುಚಿತ್ವ

ಚಾರಣದ ಕೆಸರುಬಟ್ಟೆಯಲ್ಲಿ ಒಳಚೀಲವನ್ನು ಹೊಕ್ಕರೆ ಅದನ್ನು ಹೊಲಿದ ಉದ್ದೇಶವೇ ಕೆಡುತ್ತದೆ. ಕಾಲು ತೊಳೆದು, ಜಿಗಣೆಗಳಿಲ್ಲವೆಂದು ನೋಡಿಕೊಂಡು, ಒಣಬಟ್ಟೆ ಉಟ್ಟು ಮಲಗಬೇಕು. ಬೆಳಿಗ್ಗೆ ಎದ್ದ ಕೂಡಲೆ ಒಳಚೀಲವನ್ನು ಸುತ್ತಿಡದೆ, ತಿರುಗಿಸಿ ಸ್ವಲ್ಪ ಹೊತ್ತು ಗಾಳಿಗೆ ಹರವಬೇಕು.

ಮನೆಗೆ ಬಂದ ಮೇಲೆ ಹತ್ತಿಯ ಚೀಲವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ರೇಷ್ಮೆ ಬಿಸಿನೀರನ್ನು ತಾಳದು; ಅದನ್ನು ಮೊದಲು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಟ್ಟರೆ ತುರಿಕಜ್ಜಿಯ ಕೀಟವಿದ್ದರೂ ಸಾಯುತ್ತದೆ. ಆಮೇಲೆ ಸೌಮ್ಯವಾದ ಸಾಬೂನಿನಿಂದ ಒಗೆದು ನೆರಳಿನಲ್ಲಿ ಒಣಗಿಸಬಹುದು. ಒಬ್ಬರ ಒಳಚೀಲವನ್ನು ಮತ್ತೊಬ್ಬರಿಗೆ ಒಗೆಯದೆ ಕೊಡಬಾರದು.

ಪ್ರವಾಸಕ್ಕೆ ಹೊರಡುವ ಮುನ್ನ ಮನೆಯಲ್ಲಿಯೇ ಒಂದು ರಾತ್ರಿ ಒಳಚೀಲದಲ್ಲಿ ಮಲಗಿ ನೋಡುವುದು ಒಳ್ಳೆಯದು. ಭುಜದ ಬಳಿ ಬಿಗಿಯಾದೀತೇ, ಕಾಲಿಗೆ ಜಾಗ ಸಾಲುವುದೇ, ಕತ್ತಲೆಯಲ್ಲಿ ಸೀಳಿನಿಂದ ಸುಲಭವಾಗಿ ಹೊರಬರಬಹುದೇ ಎಂಬುದು ಆಗ ತಿಳಿಯುತ್ತದೆ. ತಿದ್ದುಪಡಿ ಬೇಕಾದರೆ ಸೂಜಿದಾರ ಕೈಗೆಟಕುವಲ್ಲಿಯೇ ಇರುತ್ತದೆ.