ಮಕ್ಕಳು ಕೂಡಿ ಆಡಲಿ

ಅಕ್ಕಂದಿರೇ, ನಲ್ಲಿ ಹತ್ತಿರ ನಾವು ನೀರಿಗೆ ನಿಂತಿರುತ್ತೇವೆ. ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತವೆ. ಒಂದು ಮಗು ಇನ್ನೊಂದರ ಕೈಯಿಂದ ತೆಂಗಿನ ಚಿಪ್ಪು ಕಿತ್ತುಕೊಳ್ಳುತ್ತದೆ. ಬೇಡ ಅಂದರೆ ಹೊಡೆಯುತ್ತದೆ. ಮಕ್ಕಳ ಜಗಳ ತಾಯಂದಿರಿಗೆ ಬರುತ್ತದೆ. ಸಂಜೆ ಹೊತ್ತಿಗೆ ಮಕ್ಕಳು ಮತ್ತೆ ಕೂಡಿ ಆಡುತ್ತವೆ. ನಾವು ಮಾತ್ರ ವಾರಗಟ್ಟಲೆ ಮಾತು ಬಿಟ್ಟಿರುತ್ತೇವೆ!

ಕಿತ್ತುಕೊಂಡ ಮಗು ಕೆಟ್ಟದ್ದಲ್ಲ. ಎರಡು ವರ್ಷದ ಮಗುವಿಗೆ ಎಲ್ಲವೂ ‘ನಂದು’. ಆ ವಯಸ್ಸಿನವು ಅಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡುತ್ತವೆ. ಮೂರು ವರ್ಷ ದಾಟಿದ ಮೇಲೆ ಮೆಲ್ಲಗೆ ಕೂಡಿ ಆಡುವುದು ಬರುತ್ತದೆ. ನಡೆಯಲು ಕಲಿತ ಹಾಗೆ ಇದನ್ನೂ ಬಿದ್ದು ಎದ್ದು ಕಲಿಯಬೇಕು.

ಹೊಡೆದ ಮಗುವಿಗೆ ನಾವೇನು ಮಾಡುತ್ತೇವೆ? “ಹೊಡೀಬಾರದು” ಅಂತ ಹೇಳುತ್ತಲೇ ಎರಡು ಬಾರಿಸುತ್ತೇವೆ. ಆಗ ಮಗು ಏನು ಕಲಿಯಿತು? ದೊಡ್ಡವರು ಚಿಕ್ಕವರನ್ನು ಹೊಡೆಯಬಹುದು ಅಂತ. ಅದರ ಬದಲು ಕೈ ಹಿಡಿದು ನಿಲ್ಲಿಸೋಣ. ಪಕ್ಕದಲ್ಲಿ ಕೂತು ಹೇಳೋಣ: “ನಿಂಗೆ ಚಿಪ್ಪು ಬೇಕಿತ್ತು, ಸಿಟ್ಟು ಬಂತು. ಹೊಡೆದರೆ ಅವಳಿಗೆ ನೋವಾಗುತ್ತೆ. ನಂಗೂ ಕೊಡು ಅಂತ ಕೇಳು.” ಚಿಕ್ಕ ಮಗುವಿಗೆ ಮಾತು ಸಾಲದು. ಅದಕ್ಕೇ ಕೈ ಮುಂದೆ ಬರುತ್ತದೆ. ಒಂದೇ ದಿನಕ್ಕೆ ಸರಿಹೋಗುವುದಿಲ್ಲ. ಇಪ್ಪತ್ತು ಸಲ ಹೇಳಬೇಕಾದೀತು.

ಇನ್ನೊಂದು ಮಾತು. ಅಣ್ಣ ತಂಗಿ ಕಿತ್ತಾಡಿದರೆ “ನೀನು ಹೆಣ್ಣು, ಬಿಟ್ಟುಕೊಡು” ಅಂತೀವಿ. ದಿನಾ ಬಿಟ್ಟುಕೊಡುವ ಹುಡುಗಿ ತನಗೆ ಬೇಕಾದ್ದನ್ನು ಕೇಳುವುದನ್ನೇ ಮರೆಯುತ್ತಾಳೆ. ಅಣ್ಣನಿಗೆ ಕಾಯುವುದೇ ಬರುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಹೀಗೆ ಬೆಳೆದವರಲ್ಲ? ಇಬ್ಬರಿಗೂ ಸರದಿ ಇರಲಿ. ಇವತ್ತು ಅವಳು ಮೊದಲು, ನಾಳೆ ಅವನು.

ಸರದಿ ಕಲಿಸುವುದರಲ್ಲಿ ನಮ್ಮ ಹಳೇ ಆಟಗಳೇ ಮೇಷ್ಟ್ರು. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು. ಇನ್ನೊಬ್ಬರಿಗೆ ಆಟ ಬಿಟ್ಟು ಕಾಯಲೇಬೇಕು.

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ನಮ್ಮ ರಾಜ್ಯದಲ್ಲಿ ಇದು 1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಯಿತು. ಅಲ್ಲಿ ಬರೀ ಊಟ ಕೊಡ್ತಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಆಟ, ಹಾಡು, ಕತೆಯೂ ಅಲ್ಲಿವೆ. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. “ನಮ್ಮೋನು ಹೊಡೀತಾನೆ, ಕಳಿಸಲ್ಲ” ಅನ್ನಬೇಡಿ. ಅಂಥ ಮಗುವಿಗೇ ಜೊತೆ ಹೆಚ್ಚು ಬೇಕು. ನಾಚುವ ಮಗುವನ್ನು ಗುಂಪಿಗೆ ತಳ್ಳುವುದೂ ಬೇಡ. ಮೊದಲು ಒಬ್ಬರ ಜೊತೆ ಆಡಲಿ.

ಆದರೆ ಕರೆದರೂ ತಿರುಗಿ ನೋಡದ, ಯಾರ ಜೊತೆಗೂ ಸೇರದ ಮಗುವನ್ನು “ಮೊಂಡು” ಅಂತ ಬಿಡುವುದು ಬೇಡ. ಕಿವಿ ಕೇಳಿಸದೆಯೂ ಇರಬಹುದು. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತೋರಿಸೋಣ.